ಇಬ್ಬರು ಹುಡುಗಿಯರ ಲಗ್ನ ಹ್ಯಾಂಗ ಮಾಡೋದು?

(ಸಂಘದ ವಾರ್ಷಿಕೋತ್ಸವದ ಎರಡನೆಯ ದಿನ ಅಕ್ಕಲಕೋಟದಲ್ಲಿ ಮಾಡಿದ ಭಾಷಣ. ಆಡಿದ ಮಾತನ್ನು ಹೆಚ್ಚಾಗಿ ಹಾಗೆಯೇ ಇಟ್ಟಿದ್ದೇವೆ. ಸಂಪಾದಕ ಮಂಡಳಿ)



ಸಂಘದವರು ನನಗೆ ಕೊಟ್ಟ ವಿಷಯ 'ಸರಳ ವಿವಾಹ'. ನಾನು ಬೌದ್ಧಾಚಾರ್ಯ, ಈ ಭಾಗದ ಹಳ್ಳಿಗಳಲ್ಲಿ ಲಗ್ನ ಮಾಡಿಸುತ್ತ ಬಂದವನು. ಡಾಲ್ಬಿ ಬ್ಯಾಡ, ಸಾಲ ಬ್ಯಾಡ, ಹುಂಡಾ ಬ್ಯಾಡ ಅಂತ ಅರ್ಧ ತಾಸು ಹೇಳಿ ಕುಂದ್ರಬಹುದಿತ್ತು. ನೀವೂ ಚಪ್ಪಾಳೆ ಹೊಡೀತಿದ್ರಿ, ಮೇ ತಿಂಗಳದಾಗ ಮತ್ತ ಡಾಲ್ಬಿ ತರ್ತಿದ್ರಿ. ಅದಕ್ಕ ಕಾರ್ಯದರ್ಶಿಯವರ ಒಪ್ಪಿಗೆ ತಗೊಂಡು ವಿಷಯ ಸ್ವಲ್ಪ ಹೊರಳಿಸೀನಿ.

ಈ ವರ್ಷ ಇಬ್ಬರು ಹುಡುಗಿಯರು ನನ್ನ ಹತ್ತಿರ ಬಂದು, 'ಕಾಕಾ, ನಮ್ಮಿಬ್ಬರ ಲಗ್ನ ನೀವು ಮಾಡಿಸ್ತೀರೇನು?' ಅಂತ ಕೇಳಿದರು. ಒಬ್ಬಾಕಿ ನಮ್ಮವರ ಪೈಕಿ, ಇನ್ನೊಬ್ಬಾಕಿ ಬ್ಯಾರೆ ಜಾತಿಯಾಕಿ. ಇಬ್ಬರಿಗೂ ಇಪ್ಪತ್ತೈದು ದಾಟ್ಯದ, ಇಬ್ಬರೂ ದುಡಿದು ತಿಂತಾರ. ಊರು, ಓಣಿ ನಾನು ಹೇಳೂದಿಲ್ಲ, ನೀವೂ ಹುಡುಕಬ್ಯಾಡ್ರಿ. ನಾನು ಮಾಡಿಸ್ತೀನಿ ಅಂದೆ. ಅಂದ ಮೇಲೆ ಕುಂತು ವಿಚಾರ ಮಾಡಬೇಕಾಯಿತು. ಯಾವ ಮಾತು ಹೇಳಿಸೋದು, ಪತ್ರಿಕೆಯಲ್ಲಿ ಏನು ಬರೆಸೋದು, ಯಾರು ಯಾರ ಮನಿಗೆ ಹೋಗೋದು, ಯಾರು ಸಾಕ್ಷಿ? ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಕಾಯ್ದೆ ಒಪ್ಪುತ್ತದೇನು ಅಂತ ಮೊದಲು ಕೇಳ್ತೀರಿ. ಇಲ್ಲ, ಇನ್ನೂ ಒಪ್ಪಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ಒಪ್ಪಿಗೆಯಿಂದ ಕೂಡುವ ಇಬ್ಬರು ವಯಸ್ಕರನ್ನು 377ನೇ ಕಲಮಿನ ಕೆಳಗೆ ಅಪರಾಧಿಗಳು ಅನ್ನುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆದರೆ 2023ರ ಅಕ್ಟೋಬರ್ 17ರಂದು ಸುಪ್ರಿಯೊ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೀಠವು, ವಿಶೇಷ ವಿವಾಹ ಕಾಯ್ದೆಯಲ್ಲಿ ಇಂಥವರ ಲಗ್ನ ನೋಂದಾಯಿಸಲು ನಾವು ಹೇಳಲಾರೆವು, ಅದು ಸಂಸತ್ತಿನ ಕೆಲಸ ಎಂದಿತು. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಹಿಂಗಾಗಿ ಈ ಲಗ್ನ ಗುನ್ಹೆಯೂ ಅಲ್ಲ, ರಜಿಸ್ಟರಿನೊಳಗೂ ಇಲ್ಲ. ಅಂತರ್ಜಾತಿ ಲಗ್ನ ಆದವರಿಗೆ ಮಹಾರಾಷ್ಟ್ರ ಸರಕಾರ 50 ಸಾವಿರ ರೂಪಾಯಿ ಕೊಡ್ತದ, ಈ ಇಬ್ಬರಿಗೆ ಅದೂ ಸಿಗೂದಿಲ್ಲ, ಯಾಕಂದ್ರ ಸರ್ಟಿಫಿಕೇಟು ಇಲ್ಲ. ಜಾತಿ ಮಾತ್ರ ಸರ್ಟಿಫಿಕೇಟು ಕೇಳದೇನೇ ಬಂದು ಬಾಗಿಲು ಬಡೀತದ.

ರಜಿಸ್ಟರಿನಾಗ ಇಲ್ಲದ್ದು ಲಗ್ನವೇ ಅಲ್ಲ ಅಂತ ನಮ್ಮವರೇ ಅಂದಾಗ ನನಗೆ ನಗು ಬರ್ತದ. ನಮ್ಮ ಹಿರಿಯರ ಲಗ್ನಗಳನ್ನು ಯಾರು ಒಪ್ಪಿದ್ದರು? ಜೋತಿಬಾ ಫುಲೆಯವರು 1873ರ ಸೆಪ್ಟೆಂಬರದಲ್ಲಿ ಸತ್ಯಶೋಧಕ ಸಮಾಜ ಕಟ್ಟಿದರು, ಅದೇ ವರ್ಷ ಡಿಸೆಂಬರ್ 25ಕ್ಕೆ ಭಟ್ಟರಿಲ್ಲದ ಮೊದಲ ಲಗ್ನ ಮಾಡಿಸಿದರು. ಭಟ್ಟನಿಲ್ಲದೆ ಲಗ್ನ ಹ್ಯಾಂಗಾದೀತು ಅಂತ ಊರೇ ಎದ್ದಿತ್ತು. ತಮಿಳುನಾಡಿನಲ್ಲಿ ಪೆರಿಯಾರರು 1920ರ ದಶಕದ ಕೊನೆಯಿಂದ ಸ್ವಾಭಿಮಾನ ವಿವಾಹ ಮಾಡಿಸಿದರು. ಹೋಮ ಇಲ್ಲ, ಸಪ್ತಪದಿ ಇಲ್ಲ, ಬರೇ ಹಾರ ಮತ್ತು ಮಾತು. ಮದ್ರಾಸ್ ಹೈಕೋರ್ಟು 1950ರ ದಶಕದಲ್ಲಿ ಅಂಥ ಲಗ್ನ ಸಿಂಧು ಅಲ್ಲ ಅಂದುಬಿಟ್ಟಿತು. 1967ರಲ್ಲಿ ಅಣ್ಣಾದುರೈ ಸರಕಾರ ಹಿಂದೂ ವಿವಾಹ ಕಾಯ್ದೆಗೆ ಒಂದು ಕಲಮು ಸೇರಿಸಿ ಮುಂದಿನವನ್ನೂ ಹಿಂದೆ ಆಗಿಹೋದವನ್ನೂ ಒಪ್ಪಿತು. ಅಲ್ಲೀತನಕ ಸುಮಾರು ನಲವತ್ತು ವರ್ಷ ಆ ಜೋಡಿಗಳಿಗೆ ಮಕ್ಕಳಾದವು, ಮೊಮ್ಮಕ್ಕಳಾದವು, ಕೆಲವರು ತೀರಿಯೂ ಹೋದರು. ಕಾಯ್ದೆ ಆಮ್ಯಾಲೆ ಬಂತು.

ಕರ್ನಾಟಕದೊಳಗ ಕುವೆಂಪು ಅವರು ಮಂತ್ರ ಮಾಂಗಲ್ಯ ಬರೆದು 1966ರಲ್ಲಿ ಮಗ ತೇಜಸ್ವಿಯ ಲಗ್ನವನ್ನೇ ಹಾಗೆ ಮಾಡಿದರು. ನಮ್ಮ ಬೌದ್ಧ ಪದ್ಧತಿಯ ಲಗ್ನವಾದರೂ ಎಷ್ಟು ಹಳೇದು? ನಾಗಪುರದ ಧಮ್ಮದೀಕ್ಷೆ ಆದದ್ದು 1956ರ ಅಕ್ಟೋಬರ್ 14ಕ್ಕೆ. ಅದರ ನಂತರದ್ದು ಅದು. ಇಲ್ಲಿ ಕುಂತ ಅಜ್ಜಂದಿರಿಗಿಂತ ಸಣ್ಣದು.

ಮಂಗಲ ಕಾರ್ಯಾಲಯ ಸಿಗದಿದ್ರ ಏನು ಮಾಡೋದು ಅಂತ ಆ ಹುಡುಗಿಯರು ಚಿಂತಿ ಮಾಡ್ತಿದ್ದರು. ನಾನು ಬಾಬಾಸಾಹೇಬರ ಲಗ್ನದ ಕಥಿ ಹೇಳಿದೆ. ರಮಾಬಾಯಿಯವರ ಜೋಡಿ ಅವರ ಲಗ್ನ ಆದದ್ದು ಮುಂಬೈಯ ಭಾಯಖಳಾದ ಮೀನು ಮಾರುಕಟ್ಟೆಯಲ್ಲಿ. ಹಗಲೆಲ್ಲ ವ್ಯಾಪಾರ ಮುಗಿದ ಮೇಲೆ ರಾತ್ರಿ ಮೀನು ಮಾರುವ ಕಲ್ಲುಕಟ್ಟೆಗಳ ನಡುವೆ ಲಗ್ನ, ಬೆಳಕು ಹರಿಯೂದರೊಳಗ ಜಾಗ ಖಾಲಿ. ಎರಡನೆಯ ಲಗ್ನ 1948ರ ಏಪ್ರಿಲ್ 15ಕ್ಕೆ ದಿಲ್ಲಿಯೊಳಗ, ರಜಿಸ್ಟರ್ ಪದ್ಧತಿಯಲ್ಲಿ, ಮುಗಿದೇಹೋಯಿತು. ಎರಡರಲ್ಲೂ ಡಾಲ್ಬಿ ಇರಲಿಲ್ಲ. ಸರಳ ವಿವಾಹದ ವಿಷಯಕ್ಕ ಇಷ್ಟು ಸಾಕು.

ಹಾಗಾದ್ರ ಲಗ್ನ ಯಾವುದರಿಂದ ಆಗ್ತದ? ಸೋಲಾಪುರದವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಅಕ್ಷತೆ ಹಾಕಲು ಲಕ್ಷಗಟ್ಟಲೆ ಮಂದಿ ಸೇರ್ತಾರ. ಯಾರ ಲಗ್ನಕ್ಕ? ಕುಂಬಾರ ಕನ್ಯೆ ಸಿದ್ಧರಾಮರನ್ನೇ ಲಗ್ನ ಆಗ್ತೀನಿ ಅಂದಳು, ಅವರು ತಮ್ಮ ಯೋಗದಂಡದ ಜೋಡಿ ಆಗು ಅಂದರು, ಆ ಲಗ್ನಕ್ಕ. ಅದು ನಡೆಯುವ ಕಟ್ಟೆಯ ಹೆಸರು ನಿಮಗೆಲ್ಲ ಗೊತ್ತು, ಸಮ್ಮತಿ ಕಟ್ಟೆ. ಮೊದಲು ಸಮ್ಮತಿಯ ಮಾತು ಓದ್ತಾರ, ಆಮ್ಯಾಲೆ ಅಕ್ಷತೆ ಬೀಳ್ತದ. ನಾನು ದೇವರು ದಿಂಡರು ನಂಬುವವನಲ್ಲ, 22 ಪ್ರತಿಜ್ಞೆ ತಗೊಂಡವನು. ಆದರೂ ಆ ಕಟ್ಟೆಗೆ ಹೆಸರಿಟ್ಟ ಹಿರಿಯರಿಗೆ ಲಗ್ನದ ತಿರುಳು ಗೊತ್ತಿತ್ತು ಅಂತೀನಿ.

ಇದಕ್ಕ ತಿರುವುಮುರುವಾದ ಲಗ್ನವನ್ನೂ ನಮ್ಮ ಕೇರಿ ಕಂಡದ. ಮುತ್ತು ಕಟ್ಟಿದ್ದು. ಅರಿಷಿಣ ಇತ್ತು, ಹಸಿರು ಬಳಿ ಇತ್ತು, ಚೌಡಿಕಿ ಇತ್ತು, ಊರ ಗೌಡರು ಕುಲಕರ್ಣಿಗಳು ಎಲ್ಲರೂ ಒಪ್ಪಿದ್ದರು. ಒಪ್ಪಿಗೆ ಇಲ್ಲದ್ದು ಒಬ್ಬಾಕಿದೇ, ಆ ಕೂಸಿಂದು. ಮುಂಬೈ ಪ್ರಾಂತದಲ್ಲಿ 1934ಕ್ಕೇ ಕಾಯ್ದೆ ಬಂತು, ಕರ್ನಾಟಕದಲ್ಲಿ 1982ಕ್ಕೆ ಮತ್ತೊಂದು ಬಂತು, ಆದರೂ ನಮ್ಮ ಹೆಣ್ಣುಮಕ್ಕಳ ಕೊರಳಾಗ ಮುತ್ತು ಬೀಳೂದು ನಿಲ್ಲಲಿಲ್ಲ. ನಮ್ಮಲ್ಲಿ ಹೆಣ್ಣಿನ ಮನಸ್ಸಿನ ಗಂಡುಹುಡುಗರು ಹುಟ್ಟಿದಾಗಲೂ ಜೋಗಪ್ಪ ಮಾಡಿ ಸೀರಿ ಉಡಿಸಿ ಸವದತ್ತಿಗೆ ಕಳಿಸಿಬಿಟ್ಟೆವು. ಗುಡಿ ಮುಂದ ಅವರ ಕಾಲಿಗೆ ಬಿದ್ದೆವು, ಮನಿಯೊಳಗ ಊಟಕ್ಕ ಕರೀಲಿಲ್ಲ. ಮಂಜಮ್ಮ ಜೋಗತಿಯವರಿಗೆ 2021ರ ಪದ್ಮಶ್ರೀ ಬಂದಾಗ ಫೋಟೊ ಸ್ಟೇಟಸ್ ಇಟ್ಟವರೊಳಗ ಎಷ್ಟು ಮಂದಿ ತಮ್ಮ ಓಣಿಯ ಜೋಗಪ್ಪನಿಗೆ ಮನಿ ಬಾಡಿಗಿ ಕೊಟ್ಟಾರ, ನೀವೇ ಹೇಳ್ರಿ.

ಈ ಇಬ್ಬರ ಪೈಕಿ ಒಬ್ಬಾಕಿಯ ಆಯಿ ಹಂಗ ಮುತ್ತು ಕಟ್ಟಿಸಿಕೊಂಡಾಕಿ. ಅಂಥಾಕಿಗೆ ವಿಧವಾತನ ಇಲ್ಲ ಅಂತ ಊರ ಮಂದಿ ತಮ್ಮ ಲಗ್ನಗಳಿಗೆ ಕರೀತಿದ್ದರು, ತಮ್ಮ ಮನಿ ಸೊಸಿ ಮಾತ್ರ ಮಾಡಿಕೊಳ್ಳಲಿಲ್ಲ. ಮೊಮ್ಮಗಳ ವಿಷಯ ಹೇಳೂದು ಹ್ಯಾಂಗ ಅಂತ ನಾನು ಅಂಜಿಕೋತ ಹೋದೆ. ಮುದುಕಿ ಎಲ್ಲಾ ಕೇಳಿ, 'ಇವರಿಬ್ಬರನ್ನೂ ಕೇಳೀರೇನಪ್ಪಾ?' ಅಂದಳು. 'ಅವರೇ ನನ್ನನ್ನ ಕೇಳ್ಯಾರ ಆಯಿ' ಅಂದೆ. 'ಹಂಗಾದ್ರ ಉಡಿ ನಾ ತುಂಬ್ತೀನಿ' ಅಂದಳು.

ಇನ್ನು ವಿಧಿ. ನಮ್ಮ ಲಗ್ನದ ಪದ್ಧತಿ ನಿಮಗೆ ಗೊತ್ತೇ ಅದ. ಬುದ್ಧರ ಮೂರ್ತಿ, ಬಾಬಾಸಾಹೇಬರ ಫೋಟೊ, ಮೇಣದ ಬತ್ತಿ, ಬಿಳಿ ಬಟ್ಟೆ, ತ್ರಿಶರಣ, ಪಂಚಶೀಲ, ಪ್ರತಿಜ್ಞೆ, ಹಾರ, ಜಯಮಂಗಲ ಅಷ್ಟಗಾಥೆ. ಅಕ್ಕಿಯ ಬದಲು ಹೂವು. ಇದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಇಬ್ಬರು ಹುಡುಗಿಯರಿದ್ದರೂ, ಇಬ್ಬರು ಹುಡುಗರಿದ್ದರೂ ಏನೂ ಬದಲಾಗೂದಿಲ್ಲ. ತ್ರಿಶರಣ ಹೇಳುವವರು ಗಂಡೋ ಹೆಣ್ಣೋ ಅಂತ ಬುದ್ಧರು ಕೇಳಲಿಲ್ಲ.

ತೊಡಕು ಬರೋದು ಪ್ರತಿಜ್ಞೆಯಲ್ಲಿ. ಅದರ ಬೇರು ಸಿಗಾಲೋವಾದ ಸುತ್ತದಲ್ಲಿದೆ. ಅಲ್ಲಿ ಬುದ್ಧರು ಸಿಗಾಲನೆಂಬ ಗೃಹಸ್ಥನಿಗೆ ಗಂಡನ ಐದು ಕರ್ತವ್ಯ, ಹೆಂಡತಿಯ ಐದು ಕರ್ತವ್ಯ ಹೇಳುತ್ತಾರೆ. ಗಂಡ ಹೆಂಡತಿಯನ್ನು ಗೌರವಿಸಬೇಕು, ಹೀಯಾಳಿಸಬಾರದು, ಆಕೆಗೆ ಮೋಸ ಮಾಡಬಾರದು, ಮನೆಯ ಅಧಿಕಾರ ಕೊಡಬೇಕು, ಒಡವೆ ವಸ್ತು ಕೊಡಿಸಬೇಕು. ಹೆಂಡತಿ ಕೆಲಸವನ್ನು ಅಚ್ಚುಕಟ್ಟಾಗಿ ನಡೆಸಬೇಕು, ಬಂಧುಬಳಗವನ್ನು ಆದರಿಸಬೇಕು, ಮೋಸ ಮಾಡಬಾರದು, ಗಳಿಸಿದ್ದನ್ನು ಕಾಯಬೇಕು, ಆಲಸಿ ಆಗಬಾರದು. ಇಬ್ಬರು ಹುಡುಗಿಯರು ನಿಂತಾಗ ಯಾರಿಗೆ ಯಾವ ಐದು ಹಂಚೋದು?

ಲಗ್ನದ ಸುದ್ದಿ ತೆಗೆದರೆ ಸಾಕು, 'ಇವರೊಳಗ ಗಂಡ ಯಾರು?' ಅಂತ ಮಂದಿ ಕೇಳ್ತಾರ. ಯಾರೂ ಅಲ್ಲ. ಇಬ್ಬರಿಗೂ ಹತ್ತೂ ಮಾತು ಓದಿ ತೋರಿಸಿದೆ. ಅರ್ಧ ತಾಸು ತಮ್ಮತಮ್ಮೊಳಗೆ ಮಾತಾಡಿ, ಒಡವೆದೊಂದು ತೆಗೆದು ಉಳಿದದ್ದೆಲ್ಲ ಇಬ್ಬರೂ ಹೇಳ್ತೀವಿ ಅಂದರು. ಮೋಸ ಮಾಡಬಾರದು ಅನ್ನೋದು ಎರಡೂ ಪಟ್ಟಿಯಲ್ಲಿ ಇರೋದರಿಂದ ಒಟ್ಟು ಎಂಟು ಮಾತಾದವು. ಇದನ್ನು ನೋಡಿದ ಮೇಲೆ ನನಗೆ ಅನಿಸಿತು, ಗಂಡು ಹೆಣ್ಣಿನ ಲಗ್ನದಲ್ಲೂ ಹಿಂಗೇ ಯಾಕೆ ಹೇಳಿಸಬಾರದು? ಗಳಿಸಿದ್ದನ್ನು ಕಾಯುವ ಮಾತು ಗಂಡಸರಿಗೇ ಹೆಚ್ಚು ಬೇಕಾಗ್ಯದ ನಮ್ಮಲ್ಲಿ. ಸಂಜೀಮುಂದ ಅಂಗಡಿ ಕಡೆ ಹೋಗುವವರ ಮನಿ ತಾಯಂದಿರು ಇಲ್ಲೇ ಕುಂತಾರ, ಕೇಳ್ರಿ.

ಎಂಟರ ಮೇಲೆ ತಮ್ಮವೇ ಎರಡು ಮಾತು ಬರ್ಕೊಂಡು ಬರ್ರಿ ಅಂದೆ. ಮೊದಲಿಗೆ ಸಿನೆಮಾದ ಮಾತು ಬರ್ಕೊಂಡು ಬಂದರು, ಏಳೇಳು ಜನ್ಮ, ಚಂದ್ರ, ಸಮುದ್ರ. ನಾವು ಜನ್ಮಾಂತರ ಹೇಳೂದಿಲ್ಲ, ಈ ಜನ್ಮದ ಸೋಮವಾರ ಮಂಗಳವಾರದ ಮಾತು ಬರೀರಿ ಅಂತ ತಿರುಗಿ ಕಳಿಸಿದೆ. ಒಬ್ಬಾಕಿಗೆ ರಾತ್ರಿ ಪಾಳಿ ಇರ್ತದ. ಎರಡನೇ ಸಲ ತಂದ ಹಾಳೆಯಲ್ಲಿ ಹಿಂಗಿತ್ತು: ಪಾಳಿ ಮುಗಿಸಿ ಮಲಗಿದವರನ್ನು ಎಬ್ಬಿಸೂದಿಲ್ಲ, ಅಡಿಗಿ ಮಾಡಿ ಮುಚ್ಚಿಡ್ತೀವಿ. ಮತ್ತೊಂದು: ಎಷ್ಟೇ ಸಿಟ್ಟು ಬಂದರೂ 'ಮನಿ ಬಿಟ್ಟು ಹೋಗು' ಅನ್ನೂದಿಲ್ಲ, ಯಾಕಂದ್ರ ನಮ್ಮಿಬ್ಬರಿಗೂ ಹೋಗಾಕ ತವರುಮನಿ ಇಲ್ಲ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಗಾಥೆ ಬಾಯಿಪಾಠ ಮಾಡಿದವರಿಗೆ ಇಂಥ ಸಾಲು ಬರಿಯಾಕ ಬರೂದಿಲ್ಲ.

ತವರಿನ ಸಂಗತಿ ದೊಡ್ಡದು. ನಮ್ಮ ಲಗ್ನದಲ್ಲಿ ಅರ್ಧ ಕಣ್ಣೀರು ಕಳಿಸಿಕೊಡುವ ಹೊತ್ತಿಗೇ ಬರೂದು. ಇಬ್ಬರೂ ಹೆಣ್ಣು ಅಂದಾಗ ಇಬ್ಬರೂ ತವರು ಬಿಟ್ಟವರೇ, ಇಬ್ಬರಿಗೂ ಅತ್ತೆಮನಿ ಇಲ್ಲ. ಒಬ್ಬಾಕಿಯ ಮನಿಯವರು ಮಾತು ಬಿಟ್ಟಾರ. ಸೋದರಮಾವ ಬಂದು ಹಿಂದೆ ನಿಲ್ಲೂದಿಲ್ಲ. ಅದಕ್ಕ ಉಡಿ ತುಂಬುವಾಗ ಇಬ್ಬರನ್ನೂ ಅಕ್ಕಪಕ್ಕ ಕುಂದ್ರಿಸಿ ಇಬ್ಬರಿಗೂ ತುಂಬೋದು, ಮೊದಲು ಆ ಆಯಿ, ಆಮ್ಯಾಲೆ ಓಣಿಯ ಯಾವ ತಾಯಿ ಮುಂದೆ ಬಂದರೂ ಸರಿ, ಗಂಡ ಇದ್ದಾಕಿ ಇಲ್ಲದಾಕಿ ಅಂತ ನೋಡೂದಿಲ್ಲ ಅಂತ ಮಾಡೀವಿ. ಮಂಗಳಸೂತ್ರ ಇಬ್ಬರೂ ಬ್ಯಾಡ ಅಂದರು. ಉಂಗುರ ಸಾಕಂತ. ಹಸಿರು ಬಳಿ ಮಾತ್ರ ಇಬ್ಬರಿಗೂ ಬೇಕೇ ಬೇಕು! ಇಡಿಸ್ರಿ, ಅದಕ್ಕ ಯಾರ ಅಪ್ಪಣಿ ಬೇಕು. ಇಬ್ಬರು ಹುಡುಗರ ಲಗ್ನ ಇದ್ದರೆ ಬಳಿಯ ಮಾತು ಬರೂದಿಲ್ಲ, ಅರಿಷಿಣ ಮಾತ್ರ ಇಬ್ಬರಿಗೂ ಹಚ್ಚಬಹುದು, ಹಾರ ಇಬ್ಬರೂ ಹಾಕಬಹುದು, ಒಬ್ಬನನ್ನು ಹೆಣ್ಣು ಮಾಡಿ ಕುಂದ್ರಿಸುವ ಕೆಲಸ ಮಾಡಬಾರದು. ಎರಡೂ ಕಡೆಯವರು ಬೀಗರೇ ಆದ್ದರಿಂದ ಮೇಲಿನ ಬೀಗರು ಕೆಳಗಿನ ಬೀಗರು ಅನ್ನೋ ಜಗಳವೂ ಇಲ್ಲ, ಹುಂಡಾವೂ ಇಲ್ಲ.

ಪತ್ರಿಕೆಯಲ್ಲಿ ನಾವು ಹ್ಯಾಂಗೂ 'ಮಂಗಲ ಪರಿಣಯ' ಅಂತ ಹಾಕ್ತೀವಿ. ಅದನ್ನೇ ಹಾಕೋಣ. ಚಿ. ರಾ., ಚಿ. ಕುಂ. ಸೌ. ಅಂತ ಬರೆಯುವಲ್ಲಿ ಬರೇ ಹೆಸರು ಬರೀರಿ. ಮೇಲೆ ಬುದ್ಧ, ಬಾಬಾಸಾಹೇಬ, ರಮಾಯಿ. 'ಆಮಂತ್ರಿಸುವವರು' ಅನ್ನೋ ಜಾಗದಲ್ಲಿ ತಂದೆತಾಯಿಯ ಹೆಸರು ಹಾಕಲು ಆಗದಿದ್ದರೆ ಸಂಘದ ಹೆಸರು ಇರಲಿ ಅಂತ ನನ್ನ ಆಸೆ. ಅದಕ್ಕ ಆಮ್ಯಾಲೆ ಬರ್ತೀನಿ. ಐವತ್ತು ಮಂದಿ, ಹೋಳಿಗಿ, ಅನ್ನ, ಶೇಂಗಾ ಚಟ್ನಿ. ಆಹೇರಿ ತರುವವರು ಸೋಲಾಪುರದ ಒಂದು ಡಬಲ್ ಚಾದರ ತರ್ರಿ, ಇಬ್ಬರಿಗೂ ಕೂಡಿ ಒಂದು.

ಧಮ್ಮ ಒಪ್ಪುತ್ತದೇನು ಅಂತ ಒಬ್ಬ ಹಿರಿಯ ಉಪಾಸಕರು ನನ್ನನ್ನು ಕೇಳಿದರು. ಮೂರನೆಯ ಶೀಲ ಕಾಮದ ದುರಾಚಾರ ಬಿಡು ಅನ್ನುತ್ತದೆ. ಒತ್ತಾಯ, ಮೋಸ, ಇನ್ನೊಬ್ಬರ ಸಂಸಾರ ಕೆಡಿಸೋದು, ಇವು ದುರಾಚಾರ. ಇಬ್ಬರು ಒಪ್ಪಿ, ಎಲ್ಲರ ಎದುರಿಗೆ ಮಾತು ಕೊಟ್ಟು ಬಾಳೋದು ಆ ಪಟ್ಟಿಯಲ್ಲಿ ಹ್ಯಾಂಗ ಸೇರೀತು? ತೈವಾನಿನಲ್ಲಿ ಚಾವ್-ಹ್ವೇ ಎಂಬ ಭಿಕ್ಷುಣಿ 2012ರ ಆಗಸ್ಟಿನಲ್ಲಿ ಇಬ್ಬರು ಹೆಣ್ಣುಮಕ್ಕಳ ಬೌದ್ಧ ಲಗ್ನ ಮಾಡಿಸಿದರು. ಅಲ್ಲಿಯ ಕಾಯ್ದೆ ಬಂದದ್ದು 2019ಕ್ಕೆ. ಬೌದ್ಧರೇ ಹೆಚ್ಚಿರುವ ಥಾಯ್ಲೆಂಡಿನಲ್ಲಿ 2025ರ ಜನವರಿಯಿಂದ ಇಂಥ ಲಗ್ನಗಳ ನೋಂದಣಿ ನಡೆದಿದೆ.

ಬಾಬಾಸಾಹೇಬರು ಇಂಥ ವಿಷಯಕ್ಕ ಕೈ ಹಾಕಿರಲಿಲ್ಲ ಅನ್ನುವವರಿಗೆ ಒಂದು ಮಾತು. 1934ರಲ್ಲಿ ರ. ಧೋ. ಕರ್ವೆಯವರ 'ಸಮಾಜಸ್ವಾಸ್ಥ್ಯ' ಮಾಸಿಕದ ಮೇಲೆ ಅಶ್ಲೀಲತೆಯ ಖಟ್ಲೆ ಇತ್ತು. ಓದುಗರು ಕೇಳಿದ ಕಾಮದ ಪ್ರಶ್ನೆಗಳಿಗೆ, ಅದರಲ್ಲಿ ಸಲಿಂಗ ಪ್ರೀತಿಯ ಪ್ರಶ್ನೆಯೂ ಇತ್ತು, ಉತ್ತರ ಬರೆದದ್ದೇ ಅವರ ಗುನ್ಹೆ. ಮುಂಬೈ ಹೈಕೋರ್ಟಿನಲ್ಲಿ ಅವರ ಪರವಾಗಿ ನಿಂತ ವಕೀಲರು ಡಾ. ಅಂಬೇಡ್ಕರ್. ಖಟ್ಲೆ ಸೋತರು, ಕರ್ವೆಯವರಿಗೆ 200 ರೂಪಾಯಿ ದಂಡ ಬಿತ್ತು. ಮಹಾಡ, ಕಾಳಾರಾಮ ಗುಡಿ, ದುಂಡುಮೇಜಿನ ಪರಿಷತ್ತು, ಪುಣೆ ಒಪ್ಪಂದ ಇವೆಲ್ಲದರ ನಡುವೆ ಅದಕ್ಕೂ ವೇಳೆ ತೆಗೆದಿದ್ದರು. ನಮಗ ನೀರು, ನೌಕರಿ, ಸ್ಕಾಲರ್‌ಶಿಪ್ ಅಂತ ನೂರು ಚಿಂತಿ ಅವ, ಇದು ಯಾಕ ಅಂತ ಕೇಳುವವರೂ ಇದನ್ನು ಲೆಕ್ಕಕ್ಕ ಹಿಡೀಬೇಕು.

ಹೂವು ಬಿದ್ದ ಮೇಲೆ ಕಾಗದದ ಕೆಲಸ ಅದ. ಸರ್ಟಿಫಿಕೇಟು ಇಲ್ಲದವರು ಬೇರೆ ಕಾಗದ ಗಟ್ಟಿ ಮಾಡಿಕೋಬೇಕು. ನೋಟರಿ ಮಾಡಿಸಿ 'ಮ್ಯಾರೇಜ್ ಆಯ್ತು' ಅನ್ನುವ ಏಜಂಟರಿಗೆ ರೊಕ್ಕ ಕೊಡಬ್ಯಾಡ್ರಿ, ಅದು ಲಗ್ನದ ದಾಖಲೆ ಅಲ್ಲ. ಬ್ಯಾಂಕಿನಲ್ಲಿ ಇಬ್ಬರೂ ಕೂಡಿ ಖಾತೆ ತೆಗೆಯಬಹುದು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಬಹುದು, ಅಡ್ಡಿ ಇಲ್ಲ ಅಂತ ಕೇಂದ್ರದ ಹಣಕಾಸು ಇಲಾಖೆ 2024ರ ಆಗಸ್ಟಿನಲ್ಲಿ ಸ್ಪಷ್ಟ ಮಾಡಿದೆ. ಅದೇ ಸುಮಾರಿಗೆ ರೇಶನ್ ಕಾರ್ಡಿಗೆ ಇಂಥ ಜೋಡಿಯನ್ನು ಒಂದೇ ಮನೆ ಎಂದು ಹಿಡಿಯಿರಿ ಅಂತ ರಾಜ್ಯಗಳಿಗೆ ಪತ್ರ ಬಂದಿದೆ. ತಹಸೀಲಿನಲ್ಲಿ ಗೊತ್ತಿಲ್ಲ ಅಂದರೆ ಸಂಘದ ಹುಡುಗರು ಜೋಡಿ ಹೋಗಬೇಕು. ಮೃತ್ಯುಪತ್ರ ಇಬ್ಬರೂ ಬರೆಯಬೇಕು, ಇಬ್ಬರು ಸಾಕ್ಷಿ ಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು. ಇಪ್ಪತ್ತೈದಕ್ಕೇ ಮೃತ್ಯುಪತ್ರ ಏನು ಅಂತ ಹುಡುಗಿಯರು ನಕ್ಕರು. ನಗಲಿ, ಬರೀಲಿ.

ಇನ್ನೊಂದು ಅಂಜಿಕಿಯ ಮಾತು. ಮನಿಯವರು ಕಾಣೆಯಾದ ದೂರು ಕೊಟ್ಟು ಎಳಕೊಂಡು ಹೋಗೂದು, 'ಕೌನ್ಸೆಲಿಂಗ್' ಅಂತ ಹೊಡೆಸೂದು ನಡೀತದ. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ದೇವು ಜಿ. ನಾಯರ್ ಪ್ರಕರಣದಲ್ಲಿ, ಇಂಥ ಅರ್ಜಿ ಬಂದಾಗ ಕೋರ್ಟುಗಳು ವಯಸ್ಕರ ಸ್ವಂತ ಮಾತನ್ನು ಒಬ್ಬರೇ ಇರುವಾಗ ಕೇಳಬೇಕು, ಅವರ ಮನಸ್ಸು ಬದಲಿಸಲು ಕೌನ್ಸೆಲಿಂಗಿಗೆ ಕಳಿಸಬಾರದು ಅಂತ ನಿಯಮ ಹಾಕಿದೆ. ಇಬ್ಬರೂ ತಮ್ಮ ಶಾಳೆಯ ದಾಖಲೆ, ಆಧಾರ ತಮ್ಮ ಕೈಯಾಗ ಇಟ್ಟುಕೋಬೇಕು, ಒಬ್ಬ ವಕೀಲರ ನಂಬರು ಬಾಯಿಪಾಠ ಇರಬೇಕು. ಲಗ್ನದ ದಿನ ಫೋಟೊ ತೆಗೆಯುವವರು ಒಬ್ಬರೇ, ಉಳಿದವರ ಮೊಬೈಲು ಬುಟ್ಟಿಯೊಳಗ. ಸ್ಟೇಟಸ್ ಇಡುವ ಉತ್ಸಾಹಕ್ಕ ಜೀವ ಹೋಗಬಾರದು.

ಈಗ ಸಂಘದ ಮುಂದಿನ ಮಾತು. ಪುಣೆ, ಮುಂಬೈಯೊಳಗ ಈ ಲಗ್ನ ಮಾಡಿಕೊಳ್ಳಬಹುದಿತ್ತು, ಅಲ್ಲಿ ಯಾರೂ ಕೇಳೂದಿಲ್ಲ. 'ಅಲ್ಲಿ ಯಾರೂ ಬರೂದಿಲ್ಲಲ್ಲ ಕಾಕಾ' ಅಂದಳು ಒಬ್ಬಾಕಿ. ಆಕಿಗೆ ಆಯಿ ಬರಬೇಕು, ಬಳಿಗಾರ ಬರಬೇಕು, ತಾನು ಐದನೇತ್ತಾ ಕಲಿತ ಕನ್ನಡ ಸಾಲಿಯ ಅಕ್ಕೋರು ಬರಬೇಕು. ಅದಕ್ಕ ಸಮಾಜ ಮಂದಿರ ಒಂದು ದಿನಕ್ಕೆ ಬೇಕು ಅಂತ ಅರ್ಜಿ ಬರೆದು ಕೊಟ್ಟೀನಿ. ಬಾಡಿಗೆ ಎಲ್ಲರಿಗೂ ಇದ್ದಷ್ಟೇ ತಗೋರಿ, ಬಿಟ್ಟುಕೊಡಬ್ಯಾಡ್ರಿ. ಕಾರ್ಯಕಾರಿ ಮಂಡಳಿಯ ಸಭೆ ಬರುವ ರವಿವಾರ ಅದ. ವಿರೋಧ ಇದ್ದವರು ಅಲ್ಲಿ ಎದ್ದು ನಿಂತು ಮಾತಾಡ್ರಿ, ಚಹಾದಂಗಡಿಯಾಗ ಬ್ಯಾಡ. ಪತ್ರಿಕೆಯ ಕೆಳಗೆ ಸಂಘದ ಹೆಸರು ಹಾಕೋದೋ ಬಿಡೋದೋ ಅದನ್ನೂ ಅಲ್ಲೇ ತೀರ್ಮಾನ ಮಾಡ್ರಿ. ತೀರ್ಮಾನ ಏನೇ ಆದರೂ ಲಗ್ನ ನಾನು ಮಾಡಿಸ್ತೀನಿ, ಜಾಗ ಬದಲಾಗ್ತದ ಅಷ್ಟೇ.

ಎಂಟು ಮಾತಿನ ಪ್ರತಿಜ್ಞೆಯ ಹಾಳೆ ಕನ್ನಡದಲ್ಲೂ ಮರಾಠಿಯಲ್ಲೂ ಝೆರಾಕ್ಸ್ ಮಾಡಿ ತಂದೀನಿ, ಬಾಗಿಲ ಹತ್ತಿರ ಟೇಬಲ್ ಮ್ಯಾಲ ಅದ. ಈ ಮೇ ತಿಂಗಳದಾಗ ಲಗ್ನ ಇದ್ದವರು ಒಂದೊಂದು ಒಯ್ರಿ. ಜಯಭೀಮ.